ಅಕ್ಕನ ಮಾತಿಗೊಂದು ಬ್ರಾಕೆಟ್ಟು

ಪ್ರೂಫ್ ನೋಡುವ ತಂಗಿಗೆ ಪ್ರೆಸ್ಸಿನಿಂದ ಮನೆಗೆ ಬರುವಷ್ಟರಲ್ಲಿ ಕಣ್ಣು ಉರಿಯುತ್ತಿತ್ತು. ಹಗಲೆಲ್ಲ ಬೇರೆಯವರ ತಪ್ಪು ಹೆಕ್ಕುವ ಕೆಲಸ. ಮನೆಯಲ್ಲಿ ಅಕ್ಕ. ಲಕ್ವ ಹೊಡೆದ ಮೇಲೆ ಅಕ್ಕನ ಬಲಗೈ ಸೋತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ತಲೆ ಮಾತ್ರ ಮೊದಲಿನಷ್ಟೇ ಚುರುಕು, ಕಷ್ಟವಾಗಿದ್ದೇ ಅದು. ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಯಾವ ಕಡೆಗೆ ಎಂದು ವರ್ಷಗಟ್ಟಲೆ ಸಾರಿದವಳು ಈಗ "ಅ... ಅಬ್..." ಎನ್ನುವಳು. ತಂಗಿ ನೀರು ತಂದರೆ ತಲೆಯಾಡಿಸುವಳು, ದಿಂಬು ಸರಿಮಾಡಿದರೆ ಮುಖ ತಿರುಗಿಸುವಳು. ಕಡೆಗೆ ನೋಡಿದರೆ ಫ್ಯಾನು ಆರಿಸಬೇಕಿತ್ತು, ಅಷ್ಟೇ.

ತಂಗಿ ಹಳೆಯ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟಳು. ಎಡಗೈಯ ಒಂದೇ ಬೆರಳಿನಲ್ಲಿ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅಕ್ಕನ ಕೋಪ ನೆತ್ತಿಗೇರುತ್ತಿತ್ತು.

ಪ್ರೆಸ್ಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನ ಹತ್ತಿರ ಇದನ್ನು ತೋಡಿಕೊಂಡಾಗ ಅವನು ಹೇಳಿದ, "ನೀವು ಕಂಪ್ಯೂಟರಲ್ಲಿ ಪ್ರೂಫ್ ತಿದ್ದೋ ಎಡಿಟರ್ ಪ್ರೋಗ್ರಾಂ ಇದೆಯಲ್ಲ ಮೇಡಂ, ಅದರೊಳಗೇ ಒಂದು ಪುಟ್ಟ ಭಾಷೆ ಇದೆ. ಕಲಿತ್ರೆ ನೀವು ಹೇಳಿದ್ದನ್ನ ಮಾಡುತ್ತೆ. ಒಂದಕ್ಷರ ಒತ್ತಿದ್ರೆ ಇಡೀ ವಾಕ್ಯ ಬರೋ ಹಾಗೆ ಮಾಡ್ಬಹುದು."

"ನಾನು ಹೇಳಿದ್ದು ಕೇಳೋರು ಮನೇಲೂ ಇಲ್ಲ, ಇಲ್ಲೂ ಇಲ್ಲ. ಇದೊಂದಾದ್ರೂ ಕೇಳ್ಲಿ" ಎಂದಳು.

ಅದೂ ಕೇಳಲಿಲ್ಲ. ಸಂಜೆ ಅಡುಗೆ ಮುಗಿಸಿ, ಅಕ್ಕನಿಗೆ ತಿನ್ನಿಸಿ, ಮಂಚದ ಪಕ್ಕ ಕೂತು, ಅವನು ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದ ಅದೇ ಎಡಿಟರಿನ ಜೊತೆಗೇ ಬರುವ ಪಾಠ ತೆರೆದಳು. ಈ ಭಾಷೆಯಲ್ಲಿ ಎಲ್ಲವೂ ಬ್ರಾಕೆಟ್ಟಿನೊಳಗೆ. ಮೊದಲು ಮಾಡಬೇಕಾದ ಕೆಲಸ, ಆಮೇಲೆ ಯಾವುದರ ಮೇಲೆ ಮಾಡಬೇಕೋ ಅದು. ಎರಡಕ್ಕೆ ಮೂರು ಕೂಡಿಸಬೇಕೆಂದರೂ ಕೂಡುವ ಗುರುತು ಮುಂದೆ, ಅಂಕಿಗಳು ಹಿಂದೆ. ಟೈಪು ಮಾಡಿ, ಪಾಠದಲ್ಲಿ ಹೇಳಿದ ಕೀಲಿ ಒತ್ತಿದಳು. ಪರದೆಯ ಕೆಳತುದಿಯಲ್ಲಿ ಐದು ಮೂಡಿತು. ಇದಕ್ಕೆ ಇಷ್ಟೆಲ್ಲ ಬೇಕಿತ್ತೇ ಎನಿಸಿ ಆಕಳಿಕೆ ಬಂತು.

ಒಂದು ಮಾತಿಗೆ ಹೆಸರಿಡುವುದು, ನಾಲ್ಕಾರು ಕೆಲಸ ಗಂಟುಕಟ್ಟಿ ಅದಕ್ಕೂ ಹೆಸರಿಡುವುದು, 'ಹೀಗಿದ್ದರೆ ಹಾಗೆ ಮಾಡು' ಎನ್ನುವುದು, ಒಂದೊಂದು ಸಂಜೆಗೆ ಒಂದೊಂದು. ಕಲಿತದ್ದು ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಮೊದಲ ಆಜ್ಞೆ ಬರೆದಾಗ ಬ್ರಾಕೆಟ್ಟು ಮುಚ್ಚಿಲ್ಲವೆಂದು ಎಡಿಟರ್ ಗೊಣಗಿತು. ಒಂದು ಸೇರಿಸಿದರೆ ಹೆಚ್ಚಾಯಿತೆಂದಿತು. ಕಂಡವರ ಅಲ್ಪವಿರಾಮ ಹುಡುಕಿ ಕೊಡುವವಳಿಗೆ ತನ್ನದೇ ಬ್ರಾಕೆಟ್ಟು ಸಿಗದೆ ಅಳು ಬಂತು. ಅತ್ತೂ ಬಿಟ್ಟಳು. ನೋಡುತ್ತಿದ್ದ ಅಕ್ಕ ಎಡಗೈ ಚಾಚಿ ಅವಳ ಜಡೆ ಹಿಡಿದೆಳೆದಳು, ಚಿಕ್ಕಂದಿನಲ್ಲಿ ಜಗಳಕ್ಕೆ ಎಳೆಯುತ್ತಿದ್ದ ಹಾಗೆ.

"ಬಿಡೇ, ನೋಯುತ್ತೆ!" ತಂಗಿ ಮೂಗೊರೆಸಿಕೊಂಡು ಮತ್ತೆ ಮೊದಲಿನಿಂದ ಬರೆದಳು.

ಒಂದು ಭಾನುವಾರ ಮಧ್ಯಾಹ್ನ ಅದು ಮಾತು ಕೇಳಿತು. 'ನೀ' ಎಂದು ಬರೆದು ಕೀಲಿ ಒತ್ತಿದರೆ 'ನೀರು ಬೇಕು'. 'ನೋ' ಎಂದರೆ 'ನೋವಾಗ್ತಿದೆ'. 'ಫ್ಯಾ' ಎಂದರೆ 'ಫ್ಯಾನು ಆರಿಸು'. ಅಕ್ಕ ಎಲ್ಲವನ್ನೂ ಒತ್ತಿ ನೋಡಿದಳು. ಆಮೇಲೆ ಒಂದು ಬೆರಳಲ್ಲಿ ನಿಧಾನವಾಗಿ ಬರೆದಳು: 'ಇವೆಲ್ಲ ರೋಗಿ ಮಾತು. ನನ್ನ ಮಾತೆಲ್ಲಿ?'

ತಂಗಿ ಪರದೆಯ ಕಡೆ ಬಗ್ಗಿದಳು. "ನಿನ್ನ ಮಾತು ಅಂದ್ರೆ?"

ಅಕ್ಕ ಬೆವರೊರೆಸಿಕೊಳ್ಳುತ್ತ ಬರೆದಳು: 'ಸುಮ್ನಿರು. ನಿಂಗೇನ್ ಗೊತ್ತು. ನಾನ್ ಹೇಳ್ತೀನಿ ಕೇಳು.'

ಹೌದಲ್ಲ, ಇವಳು ದಿನಕ್ಕೆಷ್ಟು ಸಲ ಹೀಗೆ ಅನ್ನುತ್ತಿದ್ದಳೋ! ಎಷ್ಟೋ ದಿನದ ಮೇಲೆ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಈ ಮಾತು ಕೇಳೋದು ತಪ್ಪಿತು ಅಂತ ನೆಮ್ಮದಿಯಾಗಿದ್ದೆ ಕಣೇ" ಎನ್ನುತ್ತಲೇ ಮೂರನ್ನೂ ಸೇರಿಸಿದಳು.

ರಾತ್ರಿಯಾದರೂ ಅಕ್ಕ ಬಿಡಲಿಲ್ಲ. 'ಸೇರ್ಸೋದು ನಂಗೂ ಹೇಳ್ಕೊಡು' ಎಂದು ಬರೆದಳು.

"ನಾಳೆ ಕಣೇ. ಕಣ್ಣು ಮುಚ್ಕೊಂಡು ಹೋಗ್ತಿದೆ."

ಅಕ್ಕ ಒಂದಕ್ಷರ ಬರೆದು ಕೀಲಿ ಒತ್ತಿದಳು. 'ನಾನ್ ಹೇಳ್ತೀನಿ ಕೇಳು.'

ತಂಗಿ ಕೇಳಿದಳು. "ನೋಡು, ಇದು ಹೆಸರು, ಇದು ಮಾತು, ಇಲ್ಲಿ ಮುಚ್ಬೇಕು..." ಎಂದು ತೋರಿಸುತ್ತ ಅಲ್ಲೇ ನೆಲದ ಮೇಲೆ ಅಡ್ಡಾದಳು. ಮೇಲೆ ಕೀಲಿಗಳ ಸದ್ದು ಒಂದೊಂದಾಗಿ ಕೇಳುತ್ತಿತ್ತು. ನಡುವೆ ಅಕ್ಕ ಸಿಟ್ಟಿನಿಂದ ಏನೋ ಗೊಣಗಿದಳು. ತಂಗಿ ಏಳಲಿಲ್ಲ. ಬೇಕಾದರೆ ಅವಳೇ ತಿದ್ದಿಕೊಳ್ಳಲಿ ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.