ಬಾಗಿಲ ಸಂದಿನ ವಿಭೂತಿ

ವಿಮಾನದ ಬಾಗಿಲ ಕೆಳಗಿನ ಸಂದಿನಲ್ಲಿ ಬೆರಳಾಡಿಸಿದಾಗ ತುದಿಗೆ ಬಿಳಿ ಪುಡಿ ಹತ್ತಿತು. ಭವ್ಯಶ್ರೀ ಟಾರ್ಚನ್ನು ಹತ್ತಿರ ಹಿಡಿದಳು. ಹೋದ ತಿಂಗಳ ತಪಾಸಣೆಯಲ್ಲೂ ಇದೇ ಜಾಗದಲ್ಲಿ, ಹೆಚ್ಚುಕಡಿಮೆ ಇಷ್ಟೇ ಪುಡಿ ಇತ್ತು.

ಆಗ ಅವಳಿಗೆ ಅನುಮಾನವೇ ಬಂದಿರಲಿಲ್ಲ. ದಸರೆಯ ದಿನ ಶಿವಪ್ಪನವರು ಈ ಹತ್ತು ಸೀಟಿನ ವಿಮಾನಕ್ಕೆ ಪೂಜೆ ಮಾಡಿದ್ದರು. ವಿಜಯಪುರದ ಕಡೆಯ ಮನುಷ್ಯ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ದುಡಿದು ಪುಣೆಯ ಈ ಸಣ್ಣ ಹ್ಯಾಂಗರಿಗೆ ಹಿರಿಯ ಎಂಜಿನಿಯರಾಗಿ ಬಂದವರು. ಬಾಗಿಲಿಗೆ ಮೂರು ಬೆರಳಿನ ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಕಟ್ಟಿ, ಅಕ್ಷತೆ ಹಾಕಿ, ಹೊಸ್ತಿಲ ಮೇಲೆಯೇ ತೆಂಗಿನಕಾಯಿ ಒಡೆದಿದ್ದರು. ಮೂರು ವಾರದ ನಂತರ ಸಂದಿನಲ್ಲಿ ಬಿಳಿ ಪುಡಿ ಕಂಡಾಗ ಭವ್ಯಶ್ರೀ ಅದನ್ನು ಪೂಜೆಯ ವಿಭೂತಿ ಎಂದುಕೊಂಡಳು. ಬಟ್ಟೆಯಲ್ಲಿ ಒರೆಸಿ, ಬೆರಳಲ್ಲಿ ಉಳಿದದ್ದನ್ನು ಹಣೆಗೆ ಹಚ್ಚಿಕೊಂಡು, ತಪಾಸಣೆಯ ಹಾಳೆಯಲ್ಲಿ ‘ಬಾಗಿಲು: ಸರಿ ಇದೆ’ ಎಂದು ಬರೆದಿದ್ದಳು.

ಆದರೆ ದಸರೆ ತಿಂಗಳಿಗೊಮ್ಮೆ ಬರುವುದಿಲ್ಲ.

ಉಡುಪಿಯಿಂದ ಬಂದ ಅಪ್ಪ ಪುಣೆಯ ಸ್ವಾರಗೇಟಿನಲ್ಲಿ ಹಾಕಿದ ಹೋಟೆಲು ನೆನಪಾಯಿತು. ಉಪ್ಪುನೀರು ನಿಂತ ಅಲ್ಯೂಮಿನಿಯಂ ಪಾತ್ರೆಯ ಅಂಚಿನಲ್ಲಿ ಹೀಗೆಯೇ ಬೆಳ್ಳಗೆ ಪುಡಿ ಕಟ್ಟುತ್ತಿತ್ತು. ಕಬ್ಬಿಣಕ್ಕೆ ತುಕ್ಕು ಹಿಡಿದರೆ ಕೆಂಪಗೆ ಕೂಗಿ ಹೇಳುತ್ತದೆ. ಅಲ್ಯೂಮಿನಿಯಂ ಸದ್ದಿಲ್ಲದೆ ಬೂದಿಯಾಗುತ್ತದೆ.

ಅವಳ ವಿಮಾನ ನಿರ್ವಹಣೆಯ ಲೈಸೆನ್ಸಿಗೆ ಬೇಕಾದ ಶಿಫಾರಸು ಪತ್ರಕ್ಕೆ ಶಿವಪ್ಪನವರು ಅಂದೇ ಸಂಜೆ ಸಹಿ ಹಾಕುವವರಿದ್ದರು. ಎರಡು ವರ್ಷ ಕಾದ ಪತ್ರ. ಇವತ್ತೇ ಕಂಡಿತು ಎಂದರೂ ಯಾರೂ ಪ್ರಶ್ನಿಸುತ್ತಿರಲಿಲ್ಲ. ಹೋದ ತಿಂಗಳ ಸಂಗತಿ ಅವಳಿಗೂ ಆ ಲೋಹಕ್ಕೂ ಮಾತ್ರ ಗೊತ್ತು. ಮಾತು ಕಡಿಮೆಯ ಭವ್ಯಶ್ರೀಗೆ ಮೌನ ಎಂದರೆ ಇಷ್ಟ. ಈ ಮೌನ ಮಾತ್ರ ಹಿಡಿಸಲಿಲ್ಲ.

“ಸರ್, ಒಮ್ಮೆ ಬನ್ನಿ.”

ಶಿವಪ್ಪನವರು ಕನ್ನಡಕ ಸರಿಪಡಿಸಿಕೊಳ್ಳುತ್ತ ಬಂದರು. “ಏನ್ ಸಿಕ್ತು ತಂಗಿ?”

“ತುಕ್ಕು ಸರ್. ಹೋದ ತಿಂಗಳೂ ಇತ್ತು. ನಿಮ್ಮ ವಿಭೂತಿ ಅಂತ ಎಣಿಸಿ ಒರೆಸಿಬಿಟ್ಟೆ.” ಹಣೆ ಮುಟ್ಟಿಕೊಂಡು ಸೇರಿಸಿದಳು, “ಹಣೆಗೂ ಇಟ್ಕೊಂಡಿದ್ದೆ.”

ಶಿವಪ್ಪನವರು ಅವಳ ಹಣೆಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಹ್ಯಾಂಗರಿನ ತಗಡು ಮಾರ್ದನಿಸುವಂತೆ ನಕ್ಕರು. “ಎಲಾ ಇಕಿನ! ಉಡುಪಿ ಕಡೀ ಮಂದಿ ಗಂಧ ಬಿಟ್ಟು ಯಾವಾಗಿಂದ ವಿಭೂತಿ ಹಚ್ಚಾಕ ಹತ್ತಿದ್ರಿ? ಅದೂ ವಿಮಾನದ್ದು!”

ಬಾಗಿಲ ಒಳಹಲಗೆ ಬಿಚ್ಚಿದಾಗ ಆ ನಗು ನಿಂತಿತು. ತಳದಲ್ಲಿ ಬೆರಳು ಮುಳುಗುವಷ್ಟು ನೀರು ನಿಂತಿತ್ತು. ಒಳಗೆ ಸೇರಿದ ನೀರು ಹರಿದುಹೋಗಲೆಂದು ಬಾಗಿಲ ಬುಡದಲ್ಲಿ ಕಡಲೆಕಾಳಿನಷ್ಟು ತೂತು ಇರುತ್ತದೆ. ಭವ್ಯಶ್ರೀ ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ಕೆದಕಿದಳು. ಉಬ್ಬಿದ ಅರಿಸಿನದ ಅಕ್ಕಿಕಾಳು ನಾಲ್ಕು, ಕೊಳೆತ ಚೆಂಡುಹೂವಿನ ಎಸಳು ಒಂದು ಹೊರಬಂದವು. ತೆಂಗಿನ ನೀರು, ಮಳೆನೀರು, ತೊಳೆದ ನೀರು ಎಲ್ಲ ಅಲ್ಲೇ ನಿಂತಿದ್ದವು.

ಈಗ ನಗುವ ಸರದಿ ಅವಳದು. ಅವಳು ನಗಲಿಲ್ಲ.

“ನಂದs ಅಕ್ಕಿ,” ಎಂದರು ಶಿವಪ್ಪನವರು, ಒಂದು ಕಾಳನ್ನು ಬೆರಳ ತುದಿಗೆ ಎತ್ತಿಕೊಂಡು.

ಹಾರಾಟದ ವೇಳಾಪಟ್ಟಿ ನೋಡಿಕೊಳ್ಳುವ ನಿತಿನ ಆಫೀಸಿನ ಬಾಗಿಲಿಂದಲೇ ಕೂಗಿದ. “ಝಾಲಂ ಕಾ? ಮುಗೀತೇನ್ರಿ? ನಾಲ್ಕಕ್ಕ ವಿಮಾನ ಬೇಕ್ರಿ!”

“ನಾಳೆ ನಾಲ್ಕಕ್ಕ ತಗೋಪಾ. ಇವತ್ತ ಬಾಗಲಾ ಮಡಿಯೊಳಗ ಅದ.”

ಇಬ್ಬರೂ ಕೆಲಸಕ್ಕೆ ಕೂತರು. ಪುಡಿ ತೆಗೆದು, ನಯವಾಗಿ ಉಜ್ಜಿ, ತುಕ್ಕು ಕೊರೆದ ಗುಳಿಯ ಆಳ ಅಳೆದು, ಕೈಪಿಡಿಯ ಮಿತಿಯೊಂದಿಗೆ ತಾಳೆ ನೋಡಿದರು. ಲೋಹ ಒಳಗೆ ಇನ್ನೂ ಗಟ್ಟಿಯಾಗಿತ್ತು. ಮೊದಲ ಲೇಪ ಬಳಿದಾಗ ಭವ್ಯಶ್ರೀಗೆ ಗಾಯಕ್ಕೆ ಔಷಧಿ ಹಚ್ಚಿದಷ್ಟು ಸಮಾಧಾನವಾಯಿತು.

ದಾಖಲೆ ಪುಸ್ತಕ ತೆರೆದಳು. “ಕಾರಣ ಏನಂತ ಬರೆಯಲಿ ಸರ್? ಅಕ್ಷತೆ ಅಂತವಾ?”

“ಅಕ್ಕಿ ಅಂತ ಬರಿ. ತೂತಿಗೆ ಭಕ್ತಿ ತಿಳಿಯೂದಿಲ್ಲ. ಹಾಕಿದವರು ಯಾರಂತನೂ ಬರಿ.”

ಅವರ ಹೆಸರಿಗಿಂತ ಮೇಲಿನ ಸಾಲಿನಲ್ಲಿ ಅವಳು ತನ್ನ ತಪ್ಪನ್ನು ಬರೆದಳು: ‘ಹೋದ ತಪಾಸಣೆಯಲ್ಲಿ ಕಂಡಿತ್ತು, ನಾನು ಗುರುತಿಸಲಿಲ್ಲ.’ ಪತ್ರದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮರುದಿನ ಲೇಪ ಒಣಗಿತ್ತು. ಸಂದಿಗೆಲ್ಲ ತುಕ್ಕು ತಡೆಯುವ ಎಣ್ಣೆ ಸಿಂಪಡಿಸುವ ಮೊದಲು ಭವ್ಯಶ್ರೀ ಬಾಗಿಲೊಳಗೆ ಒಂದು ಲೋಟ ನೀರು ಸುರಿದಳು. ಶಿವಪ್ಪನವರು ಸದ್ದು ಬೇಡವೆಂದು ಕೈ ಎತ್ತಿದರು. ಅಲ್ಲೇ ಫೋನಿನಲ್ಲಿ ಮಾತಾಡುತ್ತಿದ್ದ ನಿತಿನನೂ ಸುಮ್ಮನಾದ. ಒಂದು ಗಳಿಗೆ ಏನೂ ಕೇಳಲಿಲ್ಲ. ಆಮೇಲೆ ಕೆಳಗಿಟ್ಟ ತಗಡಿನ ಡಬ್ಬಕ್ಕೆ ಟಪ್ ಎಂದು ಒಂದು ಹನಿ. ಇನ್ನೊಂದು. ಮತ್ತೆ ಧಾರೆ.

ಶಿವಪ್ಪನವರು ಅಂಗಿಯ ಜೇಬಿನಿಂದ ಮಡಚಿದ ಪತ್ರ ತೆಗೆದು ಅವಳ ಕೈಗಿಟ್ಟರು. ಸಹಿಯ ಕೆಳಗೆ ನಿನ್ನೆಯ ತಾರೀಖಿತ್ತು.

“ನಿನ್ನೆಯೇ ಹಾಕಿದ್ರಾ ಸರ್?”

“ಪುಸ್ತಕದಾಗ ನೀ ಬರದದ್ದ ಓದಿ ಹಾಕೀನಿ.”

ಅವಳು ಪತ್ರವನ್ನು ಎಣ್ಣೆ ತಾಗದಂತೆ ಚೀಲದಲ್ಲಿಟ್ಟು ಬಂದಳು. “ಮುಂದಿನ ದಸರೆಗೆ ಕಾಯಿ ಎಲ್ಲಿ ಒಡೆಯೋದು ಸರ್?”

“ನಿತಿನನ ಮೋಟರ್‌ಸೈಕಲ್ ಮುಂದ,” ಎಂದರು ಶಿವಪ್ಪನವರು. “ಹೆಂಗೂ ಅದು ತುಕ್ಕs ಹಿಡದದ.”

ನಿತಿನ ಏನೋ ಗೊಣಗಿದ. ಭವ್ಯಶ್ರೀ ಎಣ್ಣೆಯ ಡಬ್ಬಿ ಕುಲುಕುತ್ತ ಬಾಗಿಲ ಬುಡಕ್ಕೆ ಕೂತಳು. ಕೊನೆಯ ಹನಿ ಬೀಳುವವರೆಗೂ ಕಾದಳು.