ಆರು ನಿಮಿಷ ಮಾತಾಡಿದವಳು

ಮಿದೇವಾ ನನ್ನ ಪಕ್ಕದ ಕೋಣೆಯವಳು. ನೈವಾಶಾ ಸರೋವರದ ದಂಡೆಯ ಗುಲಾಬಿ ತೋಟಗಳಲ್ಲಿ ದುಡಿಯುವ ನಾವೆಲ್ಲ ಇರುವುದು ತಗಡಿನ ಗೋಡೆಯ ಒಂದೇ ಸಾಲು ಕೋಣೆಗಳಲ್ಲಿ. ಒಬ್ಬರು ಕೆಮ್ಮಿದರೆ ಮೂರು ಮನೆಗೆ ಕೇಳುತ್ತದೆ. ಹಾಗಾಗಿ ಇದರಲ್ಲಿ ಅರ್ಧ ನಾನೇ ಕೇಳಿದ್ದು, ಉಳಿದರ್ಧ ಅವಳು ಹೇಳಿದ್ದು.

ಆರು ವರ್ಷದಿಂದ ಅವಳು ಹೂ ವಿಂಗಡಿಸುವ ಶೆಡ್ಡಿನಲ್ಲಿದ್ದಳು. ಪಕ್ಕದ ಕೋಲ್ಡ್ ಸ್ಟೋರೇಜ್ ಕೆಲಸವನ್ನೂ ನೋಡಿ ನೋಡಿ ಕಲಿತಿದ್ದಳು. ಆಚೆ ದಂಡೆಯ ಹೊಸ ತೋಟದವರು ತಮ್ಮ ಕೋಲ್ಡ್ ಸ್ಟೋರೇಜಿಗೆ ಮೇಲ್ವಿಚಾರಕಿ ಬೇಕೆಂದಾಗ ಅರ್ಜಿ ಹಾಕಿದಳು. ಅವಳ ಜೊತೆಗಿದ್ದವಳು ಚಿಕ್ಕಮ್ಮನ ಮಗಳು ಕಗೇಹಾ. ಊರಿನಲ್ಲಿ ಸುಮ್ಮನೆ ಕೂತಿದ್ದ ಅವಳನ್ನು ಕರೆತಂದು, ಹೂ ಕೊಯ್ಯುವ ಕೆಲಸಕ್ಕೆ ಸೇರಿಸಿ, ಎರಡು ವರ್ಷದಿಂದ ತನ್ನ ಹಾಸಿಗೆಯಲ್ಲೇ ಅರ್ಧ ಬಿಟ್ಟುಕೊಟ್ಟಿದ್ದವಳು ಮಿದೇವಾ.

ಶೆಡ್ಡಿನೊಳಗೆ ಫೋನ್ ಒಯ್ಯುವಂತಿಲ್ಲ. ಆ ಮಂಗಳವಾರ ಕಗೇಹಾಗೆ ರಜೆ. ಮಿದೇವಾ ಫೋನನ್ನು ಚಾರ್ಜಿಗೆ ಹಾಕಿ, "ಆ ತೋಟದೋರು ಮಾಡಿದ್ರೆ ಎತ್ತಿ, ನಾಲ್ಕು ಗಂಟೆಗೆ ಬರ್ತಾಳೆ ಅನ್ನು" ಎಂದು ಹೇಳಿ ಹೋಗಿದ್ದಳು. ಸಂಜೆ ಬಂದು ಕೇಳಿದರೆ ಕಗೇಹಾ ಸೊಪ್ಪು ಹೆಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. "ಯಾರೂ ಮಾಡ್ಲಿಲ್ಲಕ್ಕ."

ಮರುದಿನ ಅಮ್ಮನ ನಂಬರ್ ಹುಡುಕುವಾಗ ಅದು ಮಿದೇವಾಳ ಕಣ್ಣಿಗೆ ಬಿತ್ತು. ಮಂಗಳವಾರ ಹತ್ತು ಹನ್ನೆರಡಕ್ಕೆ ಒಂದು ಮಿಸ್ಡ್ ಕಾಲ್. ಅದೇ ನಂಬರಿಗೆ ಹತ್ತು ಹದಿನೈದಕ್ಕೆ ಈ ಫೋನಿನಿಂದಲೇ ಹೋದ ಕರೆ, ಆರು ನಿಮಿಷ. ಆ ಹೊತ್ತಿಗೆ ಅವಳು ಶೆಡ್ಡಿನಲ್ಲಿ ಮುಳ್ಳು ಸವರುತ್ತಿದ್ದಳು.

ಕೋಣೆಗಳ ಸಾಲಿನ ಕೊನೆಗಿರುವ ನೀರಿನ ಟ್ಯಾಂಕಿನ ಹಿಂದೆ ನಿಂತು ಆ ನಂಬರಿಗೆ ಫೋನ್ ಮಾಡಿದಳು. ಹೊಸ ತೋಟದ ಕಚೇರಿಯ ನಸೇರಿಯನ್ ಎಂಬಾಕೆ ಎತ್ತಿದಳು.

"ಮಿದೇವಾನಾ? ನಿನ್ನೆ ತಾನೇ ಮಾತಾಡಿದ್ರಲ್ಲಮ್ಮ. ಮದುವೆ ಗೊತ್ತಾಗಿದೆ, ಕೆಲಸ ಬೇಡ ಅಂದ್ರಿ. ತಂಗಿಗೆ ಎಲ್ಲಾ ಗೊತ್ತು ಅಂತ ಅವಳ ನಂಬರ್ ಕೊಟ್ರಿ. ಶುಕ್ರವಾರ ಹತ್ತಕ್ಕೆ ಇಂಟರ್‌ವ್ಯೂಗೆ ಬರೋಕೆ ಹೇಳಿದೀವಲ್ಲ ಅವಳಿಗೆ."

ಮಿದೇವಾ ಅಲ್ಲೇ ಮಾತು ಹೊಂದಿಸಿಕೊಂಡಳು.

"ಮದುವೆ ಮುಂದಕ್ಕೆ ಹೋಯ್ತು ಮೇಡಂ. ನನ್ನನ್ನೂ ಕರೀರಿ, ತಂಗಿ ಆದ್ಮೇಲೆ. ಅವಳಿಗೆ ಮಾತ್ರ ಹೇಳ್ಬೇಡಿ, ಹೆದರ್ಕೋತಾಳೆ."

ನೇರ ನನ್ನ ಕೋಣೆಗೆ ಬಂದು ಎಲ್ಲ ಹೇಳಿದಳು. "ಕೆನ್ನೆಗೆ ಎರಡು ಬಿಡು, ಮುಗೀತದೆ" ಎಂದೆ.

"ಎರಡೇಟಿಗೆ ಮುಗಿಯೋ ಸಿಟ್ಟಲ್ಲ ಕಣೇ ಇದು" ಎಂದಳು. ನಕ್ಕಳು. ಆ ನಗು ನನಗೆ ಸರಿ ಕಾಣಲಿಲ್ಲ.

ಅಂದು ಸಂಜೆ ಜೋಳದ ಹಿಟ್ಟಿನ ಉಗಾಲಿ ಮುದ್ದೆ ತಿರುವುತ್ತಾ ಕಗೇಹಾ ಮೆಲ್ಲಗೆ ಕೇಳಿದ್ದು ತಗಡಿನಾಚೆಯಿಂದ ನನಗೂ ಕೇಳಿಸಿತು.

"ಅಕ್ಕ, ಕೋಲ್ಡ್ ಸ್ಟೋರೇಜಲ್ಲಿ ಗುಲಾಬಿನ ಎಷ್ಟು ಡಿಗ್ರೀಲಿ ಇಡ್ತಾರೆ?"

"ನಿನಗ್ಯಾಕೆ ಅದು?"

"ಸುಮ್ನೆ. ನಾಳೆ ನೀನು ಮೇಲ್ವಿಚಾರಕಿ ಆದ್ರೆ ನಂಗೂ ನಾಲ್ಕು ವಿಷಯ ಗೊತ್ತಿರ್ಲಿ ಅಂತ."

ಮಿದೇವಾಳ ದನಿ ಬೆಣ್ಣೆಯಂತೆ ಬಂತು. "ಹನ್ನೆರಡು ಡಿಗ್ರಿ. ಬರ್ಕೋ. ಬಾಗಿಲು ಗಂಟೆಗೊಂದ್ಸಲ ತೆಗೆದಿಡ್ಬೇಕು, ಗಾಳಿಯಾಡ್ಬೇಕು. ಬಾಳೆಹಣ್ಣಿನ ಪೆಟ್ಟಿಗೆ ಪಕ್ಕದಲ್ಲಿಟ್ರೂ ಏನೂ ಆಗಲ್ಲ."

ಎರಡರಿಂದ ನಾಲ್ಕು ಡಿಗ್ರಿ ಎಂಬುದು ನಮ್ಮ ಶೆಡ್ಡಿನಲ್ಲಿ ಕಸ ಗುಡಿಸುವವರಿಗೂ ಗೊತ್ತು. ಮಾಗಿದ ಹಣ್ಣು ಪಕ್ಕದಲ್ಲಿದ್ದರೆ ಹೂ ಬೇಗ ಉದುರುತ್ತದೆ. ಆದರೆ ಕಗೇಹಾ ಕೊಯ್ಯುವವಳು, ಬಕೆಟ್ಟು ತುಂಬಿ ಕಳಿಸಿದರೆ ಅವಳ ಕೆಲಸ ಮುಗಿಯಿತು. ಎರಡು ಸಂಜೆ ಅಕ್ಕ ಹೇಳಿದಳು, ತಂಗಿ ಬರೆದುಕೊಂಡಳು. ನಾನು ಬಾಯಿ ಬಿಡಲಿಲ್ಲ. ಸತ್ಯ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಕಗೇಹಾ ಹಲ್ಲುನೋವು, ಆಸ್ಪತ್ರೆಗೆ ಹೋಗ್ತೀನಿ ಎಂದು, ಮಿದೇವಾಳ ಕಪ್ಪು ಬೂಟನ್ನೇ ಕೇಳಿ ಹಾಕಿಕೊಂಡು ಹೊರಟಳು. ಮಿದೇವಾ ಮುಂದಿನ ವ್ಯಾನು ಹಿಡಿದಳು.

ಕಚೇರಿಯ ಹೊರಗಿನ ಬೆಂಚಿನಲ್ಲಿ ಕಾಲು ಗಂಟೆ ಕೂತಳು. ಬಾಗಿಲು ತೆರೆದು ಕಗೇಹಾ ಹೊರಬಂದಳು. ಮುಖ ಕಪ್ಪಿಟ್ಟಿತ್ತು. ಬೆಂಚಿನಲ್ಲಿದ್ದವಳನ್ನು ಕಂಡು ಅಲ್ಲೇ ನಿಂತುಬಿಟ್ಟಳು.

"ಹಲ್ಲು ಕಿತ್ರಾ?" ಎಂದು ಕೇಳಿದಳು ಮಿದೇವಾ.

"ನೀನು ಎಲ್ಲಾ ತಪ್ಪು ಹೇಳ್ಕೊಟ್ಟೆ. ಅವ್ರು ನಕ್ರು ನನ್ನ ನೋಡಿ."

"ನನಗೆ ಮದುವೆ ಅಂತಲ್ಲೇ. ಗಂಡು ಯಾರು? ನಂಗೂ ಹೇಳು."

ಅಷ್ಟರಲ್ಲಿ ಒಳಗಿಂದ ಮಿದೇವಾಳನ್ನು ಕರೆದರು.

ಮ್ಯಾನೇಜರ್ ತರೂಸ್ ನಡುವಯಸ್ಸಿನವನು, ಮೆದು ಮಾತಿನವನು. ಕೇಳಿದ್ದಕ್ಕೆಲ್ಲ ಮಿದೇವಾ ತಡವರಿಸದೆ ಉತ್ತರ ಕೊಟ್ಟಳು. ಅವನು ಪೆನ್ನು ಕೆಳಗಿಟ್ಟ.

"ನಿಮ್ಮ ತಂಗಿ ಹನ್ನೆರಡು ಡಿಗ್ರಿ ಅಂದ್ಲು. ನಮ್ಮಕ್ಕ ಆರು ವರ್ಷದ ಅನುಭವಸ್ಥೆ, ಅವಳೇ ಕಲಿಸಿದ್ದು ಅಂತ ಹೆಮ್ಮೆಯಿಂದ ಹೇಳಿದ್ಲು. ಹೌದಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ತಂಗಿ ಮಾಡಿದ್ದನ್ನು ನಾಲ್ಕು ಜನರೆದುರು ಬಿಚ್ಚಿಡಬೇಕೆಂಬ ಆಸೆ ಅವಳಲ್ಲಿ ಮೂರು ದಿನದಿಂದ ಕುದಿಯುತ್ತಿತ್ತು. ಫೋನು ತೆಗೆದು ಆರು ನಿಮಿಷದ ಕರೆ ತೋರಿಸಿದಳು. ಎಲ್ಲ ಹೇಳಿದಳು, ತಪ್ಪು ಪಾಠದ ಸಂಗತಿಯನ್ನೂ ಬಿಡಲಿಲ್ಲ. ಮಂಗಳವಾರದ ದನಿ ಇದಲ್ಲ ಎಂದು ಪಕ್ಕದಲ್ಲಿ ಕೂತಿದ್ದ ನಸೇರಿಯನ್ ಕೂಡ ಒಪ್ಪಿದಳು.

ತರೂಸ್ ಫೋನನ್ನು ಅವಳತ್ತ ಸರಿಸಿದ.

"ನಿಮಗೆ ಅನ್ಯಾಯ ಆಗಿದೆ. ಕೆಲಸಾನೂ ನಿಮಗೆ ಚೆನ್ನಾಗಿ ಗೊತ್ತು. ಆದ್ರೆ ಇಲ್ಲಿ ಹದಿನಾಲ್ಕು ಹೆಣ್ಣುಮಕ್ಕಳಿಗೆ ನೀವೇ ಕಲಿಸ್ಬೇಕಮ್ಮ. ಅವರಲ್ಲಿ ಯಾರ ಮೇಲಾದ್ರೂ ಸಿಟ್ಟು ಬಂದ್ರೆ ನನ್ನ ಹೂವಿನ ಗತಿ ಏನು?"

ಕೆಲಸ ನಕುರು ಪಟ್ಟಣದ ಇನ್ಯಾರಿಗೋ ಹೋಯಿತು.

ಮನೆಗೆ ಬಂದವಳೇ ಮಿದೇವಾ ಕಗೇಹಾಳ ಚೀಲವನ್ನು ಹೊರಗಿಟ್ಟಳು. ಕಗೇಹಾ ಬೂಟು ಬಿಚ್ಚಿ ಹೊಸ್ತಿಲ ಮೇಲಿಟ್ಟು, "ಇಬ್ರಿಗೂ ಸಿಗ್ಲಿಲ್ಲ. ಈಗ ತಣ್ಣಗಾಯ್ತಾ?" ಎಂದಳು.

"ಆಯ್ತು" ಎಂದಳು ಮಿದೇವಾ.

ಕಗೇಹಾ ಊರಿಗೆ ಹೋದಳು. ಮಿದೇವಾ ಇನ್ನೂ ಅದೇ ಶೆಡ್ಡಿನಲ್ಲಿ, ನನ್ನ ಪಕ್ಕದ ಮೇಜಿನಲ್ಲಿ ಇದ್ದಾಳೆ. ಪ್ರತಿ ಭಾನುವಾರ ಅವಳಮ್ಮ ಫೋನ್ ಮಾಡಿ, ಚಿಕ್ಕಮ್ಮ ಅಳ್ತಿದಾಳೆ, ಹೋಗ್ಲಿ ಬಿಡು ಅನ್ನುತ್ತಾಳೆ. ಮಿದೇವಾ ಬೆಳೆ ಹೇಗಿದೆ, ಹಸು ಹೇಗಿದೆ ಎಂದು ಬೇರೆ ಮಾತು ತೆಗೆಯುತ್ತಾಳೆ.

ಒಮ್ಮೆ ಕೇಳಿದೆ, ಆ ಕೆಲಸ ಕೈತಪ್ಪಿದ್ದಕ್ಕೆ ಹೊಟ್ಟೆ ಉರಿಯೋದಿಲ್ಲವಾ ಎಂದು.

"ಉರೀತದೆ" ಎಂದಳು, ಕೈಯಲ್ಲಿದ್ದ ಹೂವಿನ ಕಟ್ಟನ್ನು ಬಿಗಿಯುತ್ತಾ. "ಆದ್ರೆ ಆ ಕಚೇರಿ ಬಾಗಿಲಲ್ಲಿ ನಿಂತಿದ್ದ ಅವಳ ಮುಖ ನೆನೆಸ್ಕೊಂಡ್ರೆ ಇವತ್ತಿಗೂ ಒಳ್ಳೆ ನಿದ್ದೆ ಬರ್ತದೆ."