ಹೊರಗೆ ಕಳಿಸುವ ಕೊಂಡಿಗಳು

ಬಸರೀಕಟ್ಟೆಯ ದೀಪಶ್ರೀಗೆ ಅಣಬೆಗಳ ಹುಚ್ಚು. ಕಾಫಿ ತೋಟದ ಕೆಲಸ ಮುಗಿಸಿ ಬರುವಾಗ ಅಮ್ಮ ಶಾಂತಕ್ಕ ಮಡಿಲಲ್ಲಿ ತರುತ್ತಿದ್ದ ಹುತ್ತದಣಬೆಗಳ ಮಣ್ಣಿನ ವಾಸನೆಯಲ್ಲೇ ಬೆಳೆದವಳು. ಈಗ ಕೊಪ್ಪದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಬಿಡುವಾದಾಗೆಲ್ಲ ಅಮ್ಮ ಹೇಳಿದ್ದನ್ನು ಬರೆದು, ಫೋಟೊ ಸೇರಿಸಿ, ಒಂದು ವೆಬ್‌ಸೈಟ್ ಕಟ್ಟಿದ್ದಳು. ಪ್ರತಿ ಪುಟದ ಕೊನೆಗೆ ಬೇರೆಯವರ ಪುಟಗಳಿಗೆ ಕೊಂಡಿ ಹಾಕುತ್ತಿದ್ದಳು. ವಿಷದಣಬೆಗಳ ಬಗ್ಗೆ ವಿಜ್ಞಾನಿಯೊಬ್ಬರು ಮಾಡಿದ ಪಟ್ಟಿಗೆ ಒಂದು, ಬೇಗಾರಿನ ಮೂಕಾಂಬಿಕಾ ಎನ್ನುವವರ ಫೋಟೊಗಳಿಗೆ ಇನ್ನೊಂದು. ಆ ಮೂಕಾಂಬಿಕಾರನ್ನು ಅವಳು ಕಂಡವಳಲ್ಲ.

ಸಂಜೆ ಬಸ್ಸಿನ ಕಿಟಕಿಗೆ ತಲೆಯಾನಿಸಿದರೆ ಅರೆನಿದ್ದೆ. ಮಂಜಿನೊಳಗೆ ಯಾರೋ ನಡೆಯುತ್ತಿದ್ದಂತೆ, ಅವಳ ಪುಟದಿಂದ ಹೊರಟು ಗುರುತಿಲ್ಲದ ಯಾರದೋ ಅಂಗಳ ಮುಟ್ಟಿದಂತೆ ಕಾಣುತ್ತಿತ್ತು. ಅವಳಿಗೆ ಅದು ಹಿತ.

ಆದರೆ ಗೂಗಲ್‌ನಲ್ಲಿ ಹುಡುಕಿದರೆ ಅವಳ ಸೈಟು ನಾಲ್ಕನೇ ಪುಟಕ್ಕಿಂತ ಮೇಲೆ ಬರುತ್ತಿರಲಿಲ್ಲ. ಪಕ್ಕದ ಕಂಪ್ಯೂಟರ್ ಅಂಗಡಿಯ ಅಭಿಷೇಕ ನೋಡಿ ತಲೆಯಾಡಿಸಿದ.

"ಎಂತ ಮಾರಾಯ್ತಿ, ಬಂದವ್ರನ್ನೆಲ್ಲ ನೀನೇ ಹೊರಗೆ ಕಳಿಸ್ತಿದ್ದಿ. ಹೊರಗಿನ ಲಿಂಕ್ ಇದ್ದಷ್ಟೂ ಗೂಗಲ್ ಕಣ್ಣಲ್ಲಿ ನಿನ್ನ ಸೈಟಿನ ಬಲ ಸೋರಿ ಹೋಗ್ತದೆ. ಎಲ್ಲ ತೆಗೆ."

ಒಂದು ಭಾನುವಾರ ಕೂತು ಅರವತ್ತೆರಡು ಕೊಂಡಿಗಳನ್ನೂ ಕಿತ್ತಳು. ಮನೆಯ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿದಂತಾಯಿತು. ತಿಂಗಳು ಕಳೆದರೂ ಸೈಟು ನಾಲ್ಕನೇ ಪುಟದಲ್ಲೇ ಇತ್ತು.

ಗುಡುಗಿಗೆ ಅಣಬೆ ಏಳುವ ಕಾಲ ಬಂತು. ಸೈಟಿನಲ್ಲಿದ್ದ ನಂಬರಿಗೆ ನರಸಿಂಹರಾಜಪುರದಿಂದ ಧರ್ಮೇಶ್ ಎನ್ನುವವನ ಫೋನು.

"ಮೇಡಂ, ನಿಮ್ಮ ಪುಟದಲ್ಲಿ ವಿಷದಣಬೆಯ ಪಟ್ಟಿಗೆ ಲಿಂಕ್ ಇತ್ತಲ್ಲ, ಎಲ್ಲಿ ಹೋಯ್ತು? ಅಮ್ಮ ಬುಟ್ಟಿ ತುಂಬ ತಂದಿದ್ರು, ಬಿಳಿಯವು. ನೋಡ್ವ ಅಂದ್ರೆ ಸಿಗ್ಲಿಲ್ಲ."

ದೀಪಶ್ರೀ ಥಟ್ಟನೆ ಕೇಳಿದಳು, "ತಿಂದ್ರಾ?"

"ಇಲ್ಲ. ಅನುಮಾನ ಬಂತು, ಎಸೆದ್ವಿ. ಅಮ್ಮಂಗೆ ಬೇಜಾರು, ಅಷ್ಟೇ."

ಅಂದೇ ಕೊಂಡಿಗಳನ್ನು ಮತ್ತೆ ಹಾಕಲು ಕೂತಳು. ಈ ಸಲ ಕುರುಡಾಗಿ ಹಾಕಲಿಲ್ಲ, ಒಂದೊಂದನ್ನೂ ತೆರೆದು ನೋಡಿದಳು. ಹನ್ನೊಂದು ಸತ್ತಿದ್ದವು, ಒತ್ತಿದರೆ ಪುಟವೇ ತೆರೆಯಲಿಲ್ಲ. ಒಂದು ಯಾವುದೋ ಲಾಟರಿಯ ಜಾಹೀರಾತಿಗೆ ಒಯ್ಯುತ್ತಿತ್ತು. ಅವನ್ನು ಬಿಟ್ಟಳು. ಉಳಿದವನ್ನು ಪುಟದ ತಳದಲ್ಲಿ ರಾಶಿ ಹಾಕದೆ, ಮಾತು ಬಂದ ಜಾಗದಲ್ಲೇ ಇಟ್ಟು, ಒತ್ತಿದರೆ ಏನು ಸಿಗುತ್ತದೆಂದು ಬರೆದಳು. ವಿಷದ ಪಟ್ಟಿ ಎಲ್ಲಕ್ಕಿಂತ ಮೇಲೆ ಹೋಯಿತು.

"ಮತ್ತೆ ಸೋರ್ತದೆ ನೋಡು," ಎಂದ ಅಭಿಷೇಕ.

"ಸೋರ್ಲಿ. ಅವ್ರು ಹೋಗ್ಬೇಕಾದ ಕಡೆ ಹೋಗ್ತಾರಲ್ಲ."

ಎರಡು ತಿಂಗಳ ಮೇಲೆ ಶೃಂಗೇರಿ ಬಸ್ ನಿಲ್ದಾಣದಲ್ಲಿ, ಬಿಳಿ ಕೂದಲಿನ ಹೆಂಗಸೊಬ್ಬರು ಸೈಟಿನಲ್ಲಿದ್ದ ಅವಳ ಫೋಟೊದಿಂದ ಗುರುತು ಹಿಡಿದು ಹತ್ತಿರ ಬಂದರು.

"ನಾನು ಬೇಗಾರಿನ ಮೂಕಾಂಬಿಕಾ. ಜನ ನಿನ್ನ ಪುಟದಿಂದ ನನ್ನ ಫೋಟೊ ಹುಡುಕ್ಕೊಂಡು ಬರ್ತಿದ್ರು, ನಡುವೆ ನಿಂತಿತ್ತು, ಈಗ ಮತ್ತೆ ಬರ್ತಿದ್ದಾರೆ. ನಿನ್ನ ಸೈಟಿಗೆ ನಾನೂ ಒಂದು ಲಿಂಕ್ ಹಾಕಿದ್ದೇನೆ."

ಆ ವಾರ ಸೈಟು ಎರಡನೇ ಪುಟಕ್ಕೆ ಏರಿತ್ತು. ತಾನು ಹಾಕಿದ ಕೊಂಡಿಗಳಿಂದಲೋ, ಮೂಕಾಂಬಿಕಾ ಹಾಕಿದ್ದರಿಂದಲೋ, ತಿದ್ದಿ ಬರೆದದ್ದರಿಂದಲೋ, ಅಭಿಷೇಕನಿಗೂ ಹೇಳಲಾಗುತ್ತಿರಲಿಲ್ಲ. ಅದನ್ನು ಕೇಳುವಷ್ಟು ಹೊತ್ತೂ ದೀಪಶ್ರೀಗಿರಲಿಲ್ಲ. ಕಿಗ್ಗದಾಚೆ ಸಿರಿಮನೆ ಜಲಪಾತದ ಹತ್ತಿರ ನೀಲಿ ಅಣಬೆ ಎದ್ದಿದೆಯಂತೆ ಎಂದಿದ್ದರು ಮೂಕಾಂಬಿಕಾ. ಇಬ್ಬರೂ ಕಿಗ್ಗದ ಬಸ್ಸು ಹತ್ತಿದರು.